ಹಗುರ ರಿಗ್ಗಿನ ತೂಕದ ಲೆಕ್ಕ

ನಡೆಯುವಾಗ, ಓಡುವಾಗ, ಮೆಟ್ಟಿಲು ಹತ್ತುವಾಗ ಕ್ಯಾಮೆರಾ ಹಿಡಿದವರ ಮೈ ಕುಲುಕುತ್ತದೆ. ಆ ಕುಲುಕು ಚಿತ್ರಕ್ಕೆ ತಲುಪದಂತೆ ತಡೆಯುವ ಸಾಧನವೇ ಸ್ಟೆಬಿಲೈಸರ್ ರಿಗ್. ಟ್ರೈಪಾಡ್ ಕ್ಯಾಮೆರಾವನ್ನು ಒಂದೆಡೆ ಕಟ್ಟಿ ನಿಲ್ಲಿಸುತ್ತದೆ. ಟ್ರ್ಯಾಕ್ ಮತ್ತು ಟ್ರಾಲಿ ಹಳಿ ಹಾಸಿದಷ್ಟು ದೂರ ಮಾತ್ರ ಒಯ್ಯುತ್ತವೆ. ಕಾಲು ಹೋದಲ್ಲೆಲ್ಲ ಕ್ಯಾಮೆರಾ ಹೋಗಬೇಕು, ಆದರೆ ಕಾಲಿನ ಹೆಜ್ಜೆ ಚಿತ್ರದಲ್ಲಿ ಕಾಣಬಾರದು ಎಂಬ ಬೇಡಿಕೆಯನ್ನು ಪೂರೈಸುವುದು ರಿಗ್. ಅದು ಹಗುರವೂ ಆಗಿರಬೇಕೆಂದಾಗ ವಿನ್ಯಾಸ ಕಠಿಣವಾಗುತ್ತದೆ. ಅಲುಗದಿರಲು ತೂಕ ಬೇಕು, ಕೈ ಸೋಲದಿರಲು ತೂಕ ಇರಬಾರದು. ಈ ಎರಡನ್ನೂ ಒಂದೇ ಕಂಬದ ಮೇಲೆ ಹೊಂದಿಸುವುದೇ ಇಡೀ ಕಸುಬು.

ಈ ಸಾಧನಕ್ಕೆ ಈಗಿನ ರೂಪ ಕೊಟ್ಟವರು ಅಮೆರಿಕದ ಫಿಲಡೆಲ್ಫಿಯಾದ ಗ್ಯಾರೆಟ್ ಬ್ರೌನ್. 1970ರ ದಶಕದ ಮೊದಲ ವರ್ಷಗಳಲ್ಲಿ ಅವರು ರೂಪಿಸಿದ ಯಂತ್ರವನ್ನು ಸಿನಿಮಾ ಪ್ರಾಡಕ್ಟ್ಸ್ ಕಾರ್ಪೊರೇಷನ್ ‘ಸ್ಟೆಡಿಕ್ಯಾಮ್’ ಹೆಸರಿನಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದಿತು. ‘ಬೌಂಡ್ ಫಾರ್ ಗ್ಲೋರಿ’, ‘ಮ್ಯಾರಥಾನ್ ಮ್ಯಾನ್’, ‘ರಾಕಿ’ ಈ ಮೂರೂ ಚಿತ್ರಗಳು 1976ರಲ್ಲಿ ತೆರೆಕಂಡವು. ಮೂರರಲ್ಲೂ ಈ ಯಂತ್ರ ದುಡಿದಿತ್ತು. 1978ರ ಆಸ್ಕರ್ ಸಮಾರಂಭದಲ್ಲಿ ಬ್ರೌನ್ ಅವರಿಗೂ ಕಂಪನಿಯ ಎಂಜಿನಿಯರುಗಳಿಗೂ ತಾಂತ್ರಿಕ ಸಾಧನೆಯ ಪ್ರಶಸ್ತಿ ಬಂತು. ಆ ಮೂಲ ಯಂತ್ರದಲ್ಲಿ ಮೂರು ಭಾಗಗಳಿದ್ದವು: ಮೈಗೆ ಬಿಗಿದುಕೊಳ್ಳುವ ಕವಚದಂಥ ವೆಸ್ಟ್, ಅದಕ್ಕೆ ಜೋಡಿಸಿದ ಸ್ಪ್ರಿಂಗ್ ತೋಳು, ತೋಳಿನ ತುದಿಯಲ್ಲಿ ಕ್ಯಾಮೆರಾ ಹೊತ್ತ ಕಂಬ.

ಹಗುರ ರಿಗ್ಗು ಇದರ ಮೂರನೆಯ ಭಾಗದ ಮರಿ. 35 ಎಂ.ಎಂ. ಫಿಲ್ಮ್ ಕ್ಯಾಮೆರಾ ಹೊರಲು ವೆಸ್ಟ್ ಮತ್ತು ತೋಳು ಅನಿವಾರ್ಯವಾಗಿದ್ದವು. ಮನೆಬಳಕೆಯ ಕ್ಯಾಮ್‌ಕಾರ್ಡರ್ ಬಂದ ಮೇಲೆ ಕೈಯಲ್ಲೇ ಹಿಡಿಯುವ ರಿಗ್ ಸಾಧ್ಯವಾಯಿತು. ಸ್ಟೆಡಿಕ್ಯಾಮ್ ಹೆಸರಿನಲ್ಲೇ ‘ಜೆಆರ್’, ಆಮೇಲೆ ‘ಮರ್ಲಿನ್’ ಎಂಬ ಪುಟ್ಟ ಮಾದರಿಗಳು ಬಂದವು. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದು ಸ್ಥಿರಚಿತ್ರದ ಕ್ಯಾಮೆರಾದಲ್ಲೇ ಸಿನಿಮಾ ಗುಣಮಟ್ಟದ ವಿಡಿಯೊ ತೆಗೆಯುವ ರೂಢಿ ಶುರುವಾದಾಗ, ಒಂದು ಕಿಲೋ ಆಸುಪಾಸಿನ ಕ್ಯಾಮೆರಾಕ್ಕೆ ಹೊಂದುವ ರಿಗ್ಗಿಗೆ ಬೇಡಿಕೆ ಹೆಚ್ಚಿತು. ಮದುವೆ ವಿಡಿಯೊ ತೆಗೆಯುವವರು, ಕಿರುಚಿತ್ರ ಮಾಡುವವರು, ಸಾಕ್ಷ್ಯಚಿತ್ರಕಾರರು ಇದರ ಮುಖ್ಯ ಗಿರಾಕಿಗಳು.

ಕೈಯಲ್ಲಿ ಹಿಡಿಯುವ ರಿಗ್ಗಿನ ರಚನೆ ಸರಳ. ಮೇಲೆ ಕ್ಯಾಮೆರಾ ಕೂರುವ ಪ್ಲೇಟು, ಕೆಳಗೆ ಪ್ರತಿತೂಕ ಕೂರುವ ಪ್ಲೇಟು, ಎರಡನ್ನೂ ಸೇರಿಸುವ ಕೊಳವೆ. ಕೊಳವೆಯ ಮೇಲ್ಭಾಗದಲ್ಲಿ ಮೂರೂ ದಿಕ್ಕಿಗೆ ಸಲೀಸಾಗಿ ತಿರುಗುವ ಗಿಂಬಲ್ ಕೀಲು. ಕೀಲಿಗೆ ಜೋಡಿಸಿದ ಹಿಡಿ. ಒಂದು ಕೈ ಹಿಡಿಯನ್ನು ಹೊರುತ್ತದೆ. ಇನ್ನೊಂದು ಕೈಯ ಬೆರಳುಗಳು ಕೀಲಿನ ಕೆಳಗೆ ಕೊಳವೆಯನ್ನು ಮೃದುವಾಗಿ ಮುಟ್ಟಿ ಕ್ಯಾಮೆರಾದ ಮುಖ ತಿರುಗಿಸುತ್ತವೆ.

ಕೆಲಸ ಮಾಡುವ ತತ್ವಗಳು ಎರಡು. ಮೊದಲನೆಯದು ಕೈಯ ತಿರುವು ಕ್ಯಾಮೆರಾಕ್ಕೆ ದಾಟದಂತೆ ಬೇರ್ಪಡಿಸುವುದು. ಗಿಂಬಲ್ ಕೀಲಿನ ಕೆಲಸ ಇದು. ಎರಡನೆಯದು, ದಾಟಿ ಬಂದ ಅಲ್ಪಸ್ವಲ್ಪ ತಿರುವಿಗೆ ಕ್ಯಾಮೆರಾ ಬಗ್ಗದಂತೆ ಜಡತ್ವ ಹೆಚ್ಚಿಸುವುದು. ತಿರುಗುವ ವಸ್ತುವಿನ ಜಡತ್ವ ಅದರ ತೂಕವನ್ನು ಮಾತ್ರ ಅವಲಂಬಿಸಿಲ್ಲ, ಆ ತೂಕ ತಿರುಗುವ ಬಿಂದುವಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ತೂಕ ಎರಡು ಪಟ್ಟಾದರೆ ಜಡತ್ವ ಎರಡು ಪಟ್ಟು. ದೂರ ಎರಡು ಪಟ್ಟಾದರೆ ಜಡತ್ವ ನಾಲ್ಕು ಪಟ್ಟು. ಹಗ್ಗದ ಮೇಲೆ ನಡೆಯುವ ದೊಂಬರು ಕೈಯಲ್ಲಿ ಉದ್ದನೆಯ ಗಳ ಹಿಡಿಯುವುದು ಇದೇ ಕಾರಣಕ್ಕೆ. ಹಗುರ ರಿಗ್ಗಿನ ಗುಟ್ಟೂ ಇಲ್ಲೇ ಇದೆ: ತೂಕ ಸೇರಿಸುವ ಬದಲು ಇರುವ ತೂಕವನ್ನು ದೂರಕ್ಕೆ ಸರಿಸಬೇಕು.

ಲೆಕ್ಕ ಹಾಕಿ ನೋಡಬಹುದು. ಲೆನ್ಸ್ ಸಮೇತ 1 ಕಿಲೋ ತೂಗುವ ಕ್ಯಾಮೆರಾ ಕೀಲಿನಿಂದ 10 ಸೆಂ.ಮೀ. ಮೇಲಿದೆ ಎಂದುಕೊಳ್ಳೋಣ. ಸಮತೋಲಕ್ಕೆ ಕೀಲಿನಿಂದ 20 ಸೆಂ.ಮೀ. ಕೆಳಗೆ 500 ಗ್ರಾಂ ಇಡಬಹುದು, ಇಲ್ಲವೇ 40 ಸೆಂ.ಮೀ. ಕೆಳಗೆ 250 ಗ್ರಾಂ ಇಡಬಹುದು. ಕೊಳವೆಯ ತೂಕ ಬಿಟ್ಟು ಲೆಕ್ಕ ಹಾಕಿದರೆ ಮೊದಲ ಜೋಡಣೆಯ ಜಡತ್ವ 0.03 ಕಿಲೋ-ಚದರ ಮೀಟರ್, ಎರಡನೆಯದರದು 0.05. ಎರಡನೆಯದು ಕಾಲು ಕಿಲೋ ಹಗುರ. ಆದರೂ ಮೂರನೇ ಎರಡು ಭಾಗದಷ್ಟು ಹೆಚ್ಚು ಸ್ಥಿರ. ಇದಕ್ಕೆ ತೆರಬೇಕಾದ ಬೆಲೆ ಉದ್ದ. ಒಟ್ಟು ಅರ್ಧ ಮೀಟರ್ ಆದ ಕೊಳವೆ ನಡೆಯುವಾಗ ತೊಡೆಗೆ ತಾಗಬಹುದು, ಬ್ಯಾಗಿನಲ್ಲಿ ಕೂರದಿರಬಹುದು, ತೆಳುವಾಗಿದ್ದರೆ ಕಂಪಿಸಬಹುದು. ಅದಕ್ಕೇ ಒಳ್ಳೆಯ ವಿನ್ಯಾಸದಲ್ಲಿ ಕೊಳವೆಯ ಉದ್ದ ಬದಲಿಸುವ ಅನುಕೂಲ ಇರುತ್ತದೆ.

ಇದೇ ಲೆಕ್ಕ ಮೊಬೈಲ್ ಫೋನಿನ ಕಷ್ಟವನ್ನೂ ಹೇಳುತ್ತದೆ. 200 ಗ್ರಾಂ ತೂಗುವ ಫೋನಿಗೆ ಅದೇ ಅಳತೆಯ ರಿಗ್ಗಿನಲ್ಲಿ 50 ಗ್ರಾಂ ಪ್ರತಿತೂಕ ಸಾಕು. ಆದರೆ ಜಡತ್ವವೂ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ; ಬೆರಳಿನ ನಡುಕವೂ ಗಾಳಿಯೂ ಚಿತ್ರವನ್ನು ಅಲುಗಿಸಬಲ್ಲವು. ಫೋನಿನ ರಿಗ್ ಚೆನ್ನಾಗಿ ದುಡಿಯಬೇಕಾದರೆ ಫೋನಿನ ಪಕ್ಕದಲ್ಲೇ ಒಂದಿಷ್ಟು ಹೆಚ್ಚುವರಿ ತೂಕ ಕೂರಿಸಬೇಕಾಗುತ್ತದೆ.

ಇನ್ನು ಸಮತೋಲ. ಇಡೀ ರಿಗ್ಗಿನ ಗುರುತ್ವ ಕೇಂದ್ರ ಸರಿಯಾಗಿ ಕೀಲಿನಲ್ಲೇ ಇದ್ದರೆ ಕಂಬ ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ, ನೆಟ್ಟಗಾಗುವುದಿಲ್ಲ. ಕೇಂದ್ರ ತುಂಬ ಕೆಳಗಿದ್ದರೆ ಕಂಬ ಲೋಲಕದಂತೆ ತೂಗಾಡುತ್ತದೆ. ನಡಿಗೆ ಶುರುವಾದಾಗ, ನಿಂತಾಗ, ತಿರುಗಿದಾಗ ಚಿತ್ರ ಓಲಾಡುತ್ತದೆ. ಬೇಕಾದದ್ದು ಇವೆರಡರ ನಡುವಿನ ಸ್ಥಿತಿ: ಕೇಂದ್ರ ಕೀಲಿಗಿಂತ ಕೂದಲೆಳೆಯಷ್ಟು ಕೆಳಗಿರಬೇಕು. ಕಸುಬಿನವರು ಇದನ್ನು ‘ಡ್ರಾಪ್ ಟೈಮ್’ನಿಂದ ಅಳೆಯುತ್ತಾರೆ. ಕಂಬವನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು ಬಿಟ್ಟಾಗ ನೆಟ್ಟಗಿನ ಸ್ಥಿತಿಯನ್ನು ಮೊದಲ ಸಲ ದಾಟಲು ಹಿಡಿಯುವ ಸಮಯವೇ ಡ್ರಾಪ್ ಟೈಮ್. ಸಾಮಾನ್ಯವಾಗಿ 2 ಸೆಕೆಂಡಿನ ಆಸುಪಾಸು ಇಟ್ಟುಕೊಳ್ಳುತ್ತಾರೆ.

ಮೇಲಿನ ಉದಾಹರಣೆಯ ಉದ್ದನೆಯ ರಿಗ್ಗಿನಲ್ಲಿ 2 ಸೆಕೆಂಡ್ ಸಿಗಬೇಕಾದರೆ ಗುರುತ್ವ ಕೇಂದ್ರ ಕೀಲಿಗಿಂತ ಸುಮಾರು 3.5 ಮಿ.ಮೀ. ಮಾತ್ರ ಕೆಳಗಿರಬೇಕು. ಈ ಸಣ್ಣ ಅಂಕಿಯಿಂದ ಹಲವು ಸಂಗತಿಗಳು ಹೊರಡುತ್ತವೆ. ಕ್ಯಾಮೆರಾ ಪಕ್ಕಕ್ಕೆ 1 ಮಿ.ಮೀ. ಸರಿದರೆ ಕಂಬ ಸುಮಾರು 13 ಡಿಗ್ರಿ ವಾಲುತ್ತದೆ. ಕ್ಯಾಮೆರಾದ ಮೇಲೆ 50 ಗ್ರಾಮಿನ ಪುಟ್ಟ ಮೈಕ್ ಸಿಕ್ಕಿಸಿದರೆ ಗುರುತ್ವ ಕೇಂದ್ರ ಸುಮಾರು 4 ಮಿ.ಮೀ. ಮೇಲೇರಿ ಕೀಲನ್ನು ದಾಟುತ್ತದೆ. ರಿಗ್ ತಲೆಕೆಳಗಾಗಿ ಮಗುಚುತ್ತದೆ. ಭಾರಿ ರಿಗ್ಗು ಸಹಿಸಿಕೊಳ್ಳುವ ಇಂಥ ಬದಲಾವಣೆಯನ್ನು ಹಗುರ ರಿಗ್ಗು ಸಹಿಸುವುದಿಲ್ಲ. ಎಲ್ಲ ಕ್ಯಾಮೆರಾಕ್ಕೂ ಒಂದೇ ಎಂದು ಮಾರುವ ರಿಗ್ಗನ್ನು ಕೊಂಡವರು ಸಮತೋಲಕ್ಕೆ ಅರ್ಧ ದಿನ ಕಳೆಯುವುದು, ಕೊನೆಗೆ ಅದನ್ನು ಮೂಲೆಗಿಡುವುದು ಇದರಿಂದಲೇ. ಗಿರಾಕಿಯ ಕ್ಯಾಮೆರಾಕ್ಕೆಂದೇ ಮಾಡಿಕೊಡುವ ರಿಗ್ಗಿಗೆ ಮಾರುಕಟ್ಟೆಯಲ್ಲಿ ಜಾಗ ಇರುವುದೂ ಇದರಿಂದಲೇ.

ಆದ್ದರಿಂದ ಮೇಲಿನ ಪ್ಲೇಟು ಹಿಂದೆ-ಮುಂದೆ, ಎಡ-ಬಲ ಎರಡೂ ಕಡೆ ಸರಿಯಬೇಕು, ಅದೂ ಕೈಯಿಂದ ತಳ್ಳಿ ಅಲ್ಲ, ಸ್ಕ್ರೂ ತಿರುಗಿಸಿ. ಟ್ರೈಪಾಡುಗಳಲ್ಲಿ ಬಳಸುವ ಕಾಲು ಇಂಚಿನ ಸ್ಕ್ರೂವಿನ ಮರೆ ಇಂಚಿಗೆ 20 ಸುತ್ತು, ಅಂದರೆ ಒಂದು ಸುತ್ತಿಗೆ 1.27 ಮಿ.ಮೀ. ಅದೇ ಮರೆಯ ಸ್ಕ್ರೂವನ್ನು ಪ್ಲೇಟು ಸರಿಸಲು ಬಳಸಿದರೂ ಕಾಲು ಸುತ್ತಿಗೆ ಮೂರನೇ ಒಂದು ಮಿ.ಮೀ. ನಿಖರತೆ ಸಿಗುತ್ತದೆ. ಸಮತೋಲ ಮುಗಿದ ಮೇಲೆ ಬಿಗಿಯುವ ಲಾಕ್ ಬೇರೆಯೇ ಇರಬೇಕು. ಬಿಗಿಯುವಾಗ ಪ್ಲೇಟು ಜರುಗಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕ್ಯಾಮೆರಾ ಬಿಚ್ಚಿ ಬ್ಯಾಟರಿ ಬದಲಿಸಿದ ನಂತರ ಅದೇ ಜಾಗದಲ್ಲಿ ಕೂರಲು ಕ್ವಿಕ್ ರಿಲೀಸ್ ಪ್ಲೇಟು, ಅದರ ತುದಿಯಲ್ಲಿ ತಡೆಗೂಟ ಬೇಕು. ಪ್ರತಿತೂಕವಾಗಿ ಉಕ್ಕಿನ ವಾಷರುಗಳನ್ನು ಒಂದರ ಮೇಲೊಂದು ಪೇರಿಸುವ ವ್ಯವಸ್ಥೆ ಮಾಡಿದರೆ ಕೆಲವೇ ಗ್ರಾಮುಗಳ ಹಂತದಲ್ಲಿ ತೂಕ ಬದಲಿಸಬಹುದು.

ಬಿಡಿಭಾಗಗಳಲ್ಲಿ ಅತಿ ಸೂಕ್ಷ್ಮವಾದದ್ದು ಗಿಂಬಲ್ ಕೀಲು. ಅದರ ಮೂರು ಅಕ್ಷಗಳೂ ಒಂದೇ ಬಿಂದುವಿನಲ್ಲಿ ಕೂಡಬೇಕು, ಪರಸ್ಪರ ಲಂಬವಾಗಿರಬೇಕು. ಅಕ್ಷಗಳು ತಪ್ಪಿದರೆ ಒಂದು ದಿಕ್ಕಿನಲ್ಲಿ ಸರಿಯಾದ ಸಮತೋಲ ಕಂಬ ತಿರುಗಿಸಿದಾಗ ಕೆಡುತ್ತದೆ. ಬೇರಿಂಗಿನ ಘರ್ಷಣೆಯೂ ತೀರಾ ಕಡಿಮೆ ಇರಬೇಕು, ಏಕೆಂದರೆ ಘರ್ಷಣೆ ಇದ್ದಷ್ಟೂ ಕೈಯ ತಿರುವು ಕ್ಯಾಮೆರಾಕ್ಕೆ ದಾಟುತ್ತದೆ. ಧೂಳು ತಡೆಯುವ ರಬ್ಬರ್ ಸೀಲಿನ ಬೇರಿಂಗು ಫ್ಯಾನಿಗೆ, ಮೋಟರಿಗೆ ಒಳ್ಳೆಯದು. ಇಲ್ಲಿ ಆ ರಬ್ಬರಿನ ಉಜ್ಜಾಟವೇ ಅಡ್ಡಿ. ತೆಳುವಾದ ಲೋಹದ ಮುಚ್ಚಳ, ದಪ್ಪ ಗ್ರೀಸಿನ ಬದಲು ಹಗುರ ಎಣ್ಣೆ ಇರುವ ಬೇರಿಂಗು ಸೂಕ್ತ. ಬೇರಿಂಗ್ ಕೂರುವ ಗುಂಡಿ ಸಡಿಲವಾದರೆ ಕೀಲು ಕಟಕಟ ಎನ್ನುತ್ತದೆ, ಬಿಗಿಯಾದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಲೇತ್ ಕೆಲಸಗಾರನಿಗೆ ಕೊಡುವ ಡ್ರಾಯಿಂಗಿನಲ್ಲಿ ಈ ಗುಂಡಿಯ ಅಳತೆಯ ಜೊತೆಗೆ ಎಷ್ಟು ಹೆಚ್ಚುಕಡಿಮೆ ಒಪ್ಪಿಗೆ ಎಂಬುದನ್ನೂ ತಪ್ಪದೆ ಬರೆಯಬೇಕು.

ಕಂಬದ ಸುತ್ತ ಎಡಕ್ಕೆ ಬಲಕ್ಕೆ ತಿರುಗುವ ‘ಪ್ಯಾನ್’ ದಿಕ್ಕಿನಲ್ಲಿ ರಿಗ್ ಅತ್ಯಂತ ದುರ್ಬಲ. ತೂಕಗಳೆಲ್ಲ ಕಂಬದ ಗೆರೆಯಲ್ಲೇ ಇರುವುದರಿಂದ ಆ ದಿಕ್ಕಿನ ಜಡತ್ವ ಅಲ್ಪ. ಕೆಳಗಿನ 250 ಗ್ರಾಮನ್ನು ಎರಡು ಪಾಲು ಮಾಡಿ ಕಂಬದಿಂದ ಮುಂದಕ್ಕೂ ಹಿಂದಕ್ಕೂ 12 ಸೆಂ.ಮೀ. ದೂರ ಇಟ್ಟರೆ ಅದರಿಂದ ಸಿಗುವ ಜಡತ್ವ 0.0036, ವಾಲುವ ದಿಕ್ಕಿನ 0.05ರ ಎದುರು ಇದು ಹದಿನಾಲ್ಕನೇ ಒಂದು ಪಾಲು. ಆದರೂ ಇದು ಬೇಕೇ ಬೇಕು. ಕೆಳಗಿನ ಪ್ಲೇಟನ್ನು ಗುಂಡಗೆ ಮಾಡದೆ ಉದ್ದನೆಯ ಪಟ್ಟಿಯಾಗಿ ಮಾಡಿ ತುದಿಗಳಲ್ಲಿ ತೂಕ ಕೂರಿಸುವುದು ಇದಕ್ಕಾಗಿ. ಆ ಎರಡು ತೂಕಗಳು ಕ್ಯಾಮೆರಾದ ತೂಕದ ಹಂಚಿಕೆಗೆ ಹೊಂದದಿದ್ದರೆ ನಿಂತಾಗ ನೆಟ್ಟಗಿರುವ ಕಂಬ ವೇಗವಾಗಿ ಪ್ಯಾನ್ ಮಾಡಿದಾಗ ತೊನೆಯುತ್ತದೆ. ನಿಂತ ಸಮತೋಲದ ಜೊತೆಗೆ ತಿರುಗುವ ಸಮತೋಲವನ್ನೂ ಪರೀಕ್ಷಿಸಬೇಕು.

ಸಾಮಗ್ರಿಯ ಆಯ್ಕೆಯಲ್ಲಿ ಒಂದೇ ನಿಯಮ: ನಡುವೆ ಹಗುರ, ತುದಿಗಳಲ್ಲಿ ಭಾರ. 25 ಮಿ.ಮೀ. ಹೊರವ್ಯಾಸ, 1 ಮಿ.ಮೀ. ಗೋಡೆ, ಅರ್ಧ ಮೀಟರ್ ಉದ್ದದ ಕೊಳವೆ ಉಕ್ಕಿನದಾದರೆ ಸುಮಾರು 300 ಗ್ರಾಂ, ಅಲ್ಯೂಮಿನಿಯಂ ಆದರೆ 100 ಗ್ರಾಂ, ಕಾರ್ಬನ್ ಫೈಬರ್ ಆದರೆ 60 ಗ್ರಾಂ ತೂಗುತ್ತದೆ. ಕೊಳವೆಯ ಬಾಗುವಿಕೆ ಉದ್ದದ ಘನದಷ್ಟು ಹೆಚ್ಚುತ್ತದೆ, ಗೋಡೆ ಅಷ್ಟೇ ಇದ್ದರೆ ವ್ಯಾಸದ ಘನದಷ್ಟು ಕಡಿಮೆಯಾಗುತ್ತದೆ; ಹಾಗಾಗಿ ಸಣ್ಣ ದಪ್ಪ ಕೊಳವೆಗಿಂತ ದೊಡ್ಡ ತೆಳು ಕೊಳವೆ ಲಾಭ. ಪ್ಲೇಟುಗಳಿಗೆ 6061 ದರ್ಜೆಯ ಅಲ್ಯೂಮಿನಿಯಂ ಸುಲಭವಾಗಿ ಸಿಗುತ್ತದೆ, ಮಿಲ್ಲಿಂಗಿಗೆ ಒಗ್ಗುತ್ತದೆ, ಅನೋಡೈಸ್ ಮಾಡಿದರೆ ಕೈಯ ಬೆವರಿಗೆ ಕಲೆ ಹಿಡಿಯುವುದಿಲ್ಲ. 3ಡಿ ಪ್ರಿಂಟ್ ಮಾಡಿದ ಭಾಗಗಳು ಮಾದರಿ ತಯಾರಿಸಲು ಅತಿ ಅನುಕೂಲ. ಆದರೆ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತದೆ. ಬೇಸಗೆಯ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಪ್ಲೇಟು ಸೊಟ್ಟಗಾಗಬಹುದು. ಮಾರುವ ರಿಗ್ಗಿನಲ್ಲಿ ಭಾರ ಹೊರುವ ಭಾಗಗಳಿಗೆ ಅದನ್ನು ಬಳಸಬಾರದು.

ಹಗುರ ರಿಗ್ಗಿನ ಮಿತಿಯನ್ನೂ ತಯಾರಕ ಗಿರಾಕಿಗೆ ಮೊದಲೇ ಹೇಳಬೇಕು. ಗಿಂಬಲ್ ಕೀಲು ವಾಲುವಿಕೆಯನ್ನು, ತಿರುಗುವಿಕೆಯನ್ನು ತಡೆಯುತ್ತದೆ. ಹೆಜ್ಜೆಯ ಏರಿಳಿತವನ್ನು ತಡೆಯುವುದಿಲ್ಲ. ಆ ಕೆಲಸ ಸ್ಪ್ರಿಂಗ್ ತೋಳಿನದು. ತೋಳಿಲ್ಲದ ರಿಗ್ಗಿನಲ್ಲಿ ಮೊಣಕೈ ಮತ್ತು ಮಂಡಿಯೇ ಸ್ಪ್ರಿಂಗಿನ ಕೆಲಸ ಮಾಡಬೇಕು, ಅದು ಅಭ್ಯಾಸದಿಂದ ಬರುವಂಥದ್ದು. ಕ್ಯಾಮೆರಾ ಮತ್ತು ರಿಗ್ ಸೇರಿ ಎರಡು ಕಿಲೋ ದಾಟಿದರೆ ಒಂದು ಕೈಯಲ್ಲಿ ಬಹಳ ಹೊತ್ತು ಹಿಡಿಯುವುದು ಕಷ್ಟ. ಅಂಥವರಿಗೆ ಮುಂಗೈ ಪಟ್ಟಿ, ಇಲ್ಲವೇ ತೋಳು-ವೆಸ್ಟ್ ಸೇರಿಸುವ ಸೌಲಭ್ಯ ಬೇಕು.

ಇದೇ ಹೊತ್ತಿಗೆ ಎಲೆಕ್ಟ್ರಾನಿಕ್ ಗಿಂಬಲ್ಲಿನ ಸ್ಪರ್ಧೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2013ರಲ್ಲಿ ಫ್ರೀಫ್ಲೈ ಕಂಪನಿಯ ‘ಮೂವಿ’, ಮರುವರ್ಷ ಡಿಜೆಐ ಕಂಪನಿಯ ‘ರೋನಿನ್’ ಬಂದವು. ಇವು ಜಡತ್ವವನ್ನು ನೆಚ್ಚಿಕೊಂಡಿಲ್ಲ. ಸೆನ್ಸರ್ ವಾಲುವಿಕೆಯನ್ನು ಗುರುತಿಸುತ್ತದೆ, ಬ್ರಷ್‌ಲೆಸ್ ಮೋಟರ್ ಕೂಡಲೇ ಎದುರು ದಿಕ್ಕಿಗೆ ತಿರುಗಿಸುತ್ತದೆ. ಕೆಲವೇ ವರ್ಷಗಳಲ್ಲಿ ಇವುಗಳ ಬೆಲೆ ಇಳಿದು ಮದುವೆ ಛಾಯಾಗ್ರಾಹಕರ ಕೈಗೂ ಬಂದವು. ಇವೂ ಹೆಜ್ಜೆಯ ಏರಿಳಿತವನ್ನು ಪೂರ್ತಿ ತಡೆಯಲಾರವು. ಬ್ಯಾಟರಿ ಇಲ್ಲದಿರುವುದು, ಮೋಟರಿನ ಸದ್ದು ಇಲ್ಲದಿರುವುದು, ಬಿಡಿಭಾಗ ಕೆಟ್ಟರೆ ಊರಿನ ಲೇತ್ ಅಂಗಡಿಯಲ್ಲೇ ರಿಪೇರಿ ಆಗುವುದು, ಬೆರಳ ತುದಿಯ ನೇರ ಹಿಡಿತ ಇವು ಯಾಂತ್ರಿಕ ರಿಗ್ಗಿಗೆ ಉಳಿದಿರುವ ಬಲಗಳು. ಮಾರುವವನು ಈ ಬಲಗಳನ್ನು ಬೇಡುವ ಗಿರಾಕಿಯನ್ನೇ ಹುಡುಕಬೇಕು. ಎಲ್ಲರಿಗೂ ಮಾರಲು ಹೊರಟರೆ ದೊಡ್ಡ ಕಾರ್ಖಾನೆಗಳ ಬೆಲೆಯ ಮುಂದೆ ನಿಲ್ಲಲಾಗದು.

ಬೆಲೆ ಕಟ್ಟುವಾಗ ಸಣ್ಣ ತಯಾರಕರು ಸಾಮಾನ್ಯವಾಗಿ ಲೋಹದ ಖರ್ಚನ್ನು ನೋಡಿ ಮೋಸಹೋಗುತ್ತಾರೆ. ಅಲ್ಯೂಮಿನಿಯಂ, ಕೊಳವೆ, ಬೇರಿಂಗು, ಸ್ಕ್ರೂಗಳ ಬೆಲೆ ಒಟ್ಟು ಖರ್ಚಿನಲ್ಲಿ ಚಿಕ್ಕ ಪಾಲು. ದೊಡ್ಡ ಪಾಲು ಯಂತ್ರದ ಸಮಯ, ಜೋಡಣೆ, ಸಮತೋಲ ಪರೀಕ್ಷೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಶೆಡ್ಡುಗಳು ಸಿಗುತ್ತವೆ. ಆದರೆ ಪ್ರೋಗ್ರಾಂ ಬರೆಯುವುದು, ಜಿಗ್ ಮಾಡುವುದು, ಯಂತ್ರ ಹೊಂದಿಸುವುದು ಇವುಗಳ ಖರ್ಚು ಐದು ಮಾಡಿದರೂ ಒಂದೇ, ಐವತ್ತು ಮಾಡಿದರೂ ಒಂದೇ. ಆ ಖರ್ಚು 40,000 ರೂಪಾಯಿ ಎಂದಿಟ್ಟುಕೊಂಡರೆ ಐದು ರಿಗ್ಗುಗಳಿಗೆ ತಲಾ 8,000 ರೂಪಾಯಿ ಬೀಳುತ್ತದೆ, ಇಪ್ಪತ್ತಕ್ಕೆ ತಲಾ 2,000. ಇದಕ್ಕೆ ಪರಿಹಾರ ಭಾಗಗಳನ್ನು ಎರಡು ಗುಂಪು ಮಾಡುವುದು. ಗಿಂಬಲ್, ಹಿಡಿ, ಕ್ಲಾಂಪುಗಳು ಎಲ್ಲ ರಿಗ್ಗಿಗೂ ಒಂದೇ. ಅವನ್ನು ಒಮ್ಮೆಗೇ ಹೆಚ್ಚು ಸಂಖ್ಯೆಯಲ್ಲಿ ಮಾಡಿಸಿಡಬಹುದು. ಕೊಳವೆಯ ಉದ್ದ, ಮೇಲಿನ ಪ್ಲೇಟಿನ ತೂತುಗಳು, ಪ್ರತಿತೂಕ ಇವು ಮಾತ್ರ ಗಿರಾಕಿಯಿಂದ ಗಿರಾಕಿಗೆ ಬದಲಾಗಲಿ. ಆಗ ಹೇಳಿ ಮಾಡಿಸಿದ ರಿಗ್ಗಿನ ಹೊಂದಾಣಿಕೆಯೂ ಸಿಗುತ್ತದೆ, ಕಾರ್ಖಾನೆಯ ಲಾಭವೂ ಸಿಗುತ್ತದೆ.

ಆರ್ಡರ್ ತೆಗೆದುಕೊಳ್ಳುವಾಗ ಕ್ಯಾಮೆರಾದ ಹೆಸರು ಸಾಲದು. ಯಾವ ಲೆನ್ಸ್, ಮೈಕ್ ಇದೆಯೇ, ಮಾನಿಟರ್ ಇದೆಯೇ, ಬ್ಯಾಟರಿ ಯಾವುದು, ಎಲ್ಲ ಸಿಕ್ಕಿಸಿದ ಮೇಲೆ ತೂಕ ಎಷ್ಟು, ಬಳಸುವವರ ಎತ್ತರ ಎಷ್ಟು, ಯಾವ ಕೈಯಲ್ಲಿ ಹಿಡಿಯುತ್ತಾರೆ ಇವೆಲ್ಲ ಬರಹದಲ್ಲಿ ಇರಬೇಕು. ಬೇರೊಬ್ಬರಿಗೆ ಮಾರಲಾಗದ ಭಾಗಗಳಿಗೆ ಕತ್ತರಿ ಹಾಕುವ ಮುನ್ನ ಮುಂಗಡ ಪಡೆಯುವುದು ನ್ಯಾಯ. ಖರ್ಚಿನ ಪಟ್ಟಿಯಲ್ಲಿ ಪ್ಯಾಕಿಂಗ್, ಸಾಗಣೆ, ಜಿಎಸ್‌ಟಿ, ವಾಪಸು ಬರುವ ಮಾಲು, ಗ್ಯಾರಂಟಿ ರಿಪೇರಿ, ಗಿರಾಕಿಯ ಜೊತೆ ಫೋನಿನಲ್ಲಿ ಕಳೆಯುವ ಸಮಯ ಸೇರದಿದ್ದರೆ ಬಂದ ಲಾಭ ಕಾಗದದ ಮೇಲಷ್ಟೇ ಉಳಿಯುತ್ತದೆ.

ಕಾನೂನಿನ ಕಡೆಯಿಂದ ಎರಡು ಸಂಗತಿಗಳನ್ನು ಬೇರೆ ಬೇರೆ ನೋಡಬೇಕು. ಬ್ರೌನ್ ಅವರ ಮೂಲ ಪೇಟೆಂಟ್ ಅಮೆರಿಕದಲ್ಲಿ 1977ರಲ್ಲಿ ಮಂಜೂರಾಯಿತು. ಆಗಿನ ಕಾನೂನಿನಂತೆ ಅದರ ಆಯಸ್ಸು 17 ವರ್ಷ, ಅದು ಮುಗಿದು ಬಹಳ ಕಾಲವಾಗಿದೆ. ಮೂಲ ತತ್ವವನ್ನು ಈಗ ಯಾರು ಬೇಕಾದರೂ ಬಳಸಬಹುದು, ಆಮೇಲಿನ ಸುಧಾರಣೆಗಳ ಪೇಟೆಂಟುಗಳನ್ನು ಮಾತ್ರ ಪರಿಶೀಲಿಸಿಕೊಳ್ಳಬೇಕು. ಆದರೆ ‘ಸ್ಟೆಡಿಕ್ಯಾಮ್’ ಎಂಬ ಹೆಸರು ಟ್ರೇಡ್‌ಮಾರ್ಕ್. 2000ರಿಂದ ಅದು ಟಿಫನ್ ಕಂಪನಿಯದು. ನವೀಕರಿಸುತ್ತ ಹೋದರೆ ಟ್ರೇಡ್‌ಮಾರ್ಕಿಗೆ ಕೊನೆಯಿಲ್ಲ. ಬೇರೆ ತಯಾರಕ ತನ್ನ ಸರಕಿಗೆ ಆ ಹೆಸರಿಟ್ಟು ಮಾರುವಂತಿಲ್ಲ. ಭಾರತದಲ್ಲಿ ಹೊಸ ಆವಿಷ್ಕಾರಕ್ಕೆ ಅರ್ಜಿ ಹಾಕಿದ ದಿನದಿಂದ 20 ವರ್ಷದ ಪೇಟೆಂಟ್, ಸರಕಿನ ಹೊರರೂಪಕ್ಕೆ 2000ದ ವಿನ್ಯಾಸ ಕಾಯ್ದೆಯಡಿ 10 ವರ್ಷ ಮತ್ತು ಮೇಲೆ 5 ವರ್ಷದ ರಕ್ಷಣೆ ಸಿಗುತ್ತದೆ. ಸರಕನ್ನು ಜನರಿಗೆ ತೋರಿಸುವ ಮುನ್ನವೇ ಅರ್ಜಿ ಹಾಕುವುದು ಕ್ಷೇಮ. ಪೊಟ್ಟಣ ಮಾಡಿ ಚಿಲ್ಲರೆಯಾಗಿ ಮಾರುವುದಾದರೆ ತಯಾರಕರ ಹೆಸರು, ವಿಳಾಸ, ತೆರಿಗೆ ಸೇರಿದ ಗರಿಷ್ಠ ಬೆಲೆ ಮೊದಲಾದವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು.

ಸ್ಟೆಬಿಲೈಸರ್ ಮಾರುವ ಅತ್ಯುತ್ತಮ ಜಾಹೀರಾತು ಅದರಿಂದ ತೆಗೆದ ಚಿತ್ರವೇ. ಬ್ರೌನ್ ತಮ್ಮ ಯಂತ್ರವನ್ನು ತೋರಿಸದೆ, ಅದರಿಂದ ತೆಗೆದ ದೃಶ್ಯಗಳ ಸುರುಳಿಯನ್ನಷ್ಟೇ ನಿರ್ದೇಶಕರಿಗೆ ಕಳಿಸಿದ್ದರು. ಬ್ರೌನ್ ಅವರ ಗೆಳತಿ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದ ಮೆಟ್ಟಿಲುಗಳ ಮೇಲೆ ಓಡುವ ದೃಶ್ಯ ಅದರಲ್ಲಿತ್ತು; ಅದನ್ನು ನೋಡಿದ ನಿರ್ದೇಶಕ ಜಾನ್ ಆವಿಲ್ಡ್‌ಸನ್ ಅದೇ ಮೆಟ್ಟಿಲುಗಳನ್ನು ‘ರಾಕಿ’ಗೆ ಬಳಸಿದರು. ಸ್ಟಾನ್ಲಿ ಕುಬ್ರಿಕ್ ಸುರುಳಿಯನ್ನು ಮೆಚ್ಚಿ, ಜೊತೆಗೆ ಒಂದು ಎಚ್ಚರಿಕೆಯನ್ನೂ ಕಳಿಸಿದರು: ಕೆಲವು ಫ್ರೇಮುಗಳಲ್ಲಿ ನೆಲದ ಮೇಲೆ ಯಂತ್ರದ ನೆರಳು ಬಿದ್ದಿದೆ, ಅದರಿಂದ ಗುಟ್ಟು ತಿಳಿದೀತು, ಪೇಟೆಂಟ್ ಸಿಗುವವರೆಗೆ ಅವನ್ನು ಕತ್ತರಿಸುವುದು ಒಳಿತು ಎಂದು. ಇನ್ನೊಂದು ತುದಿಯ ಉದಾಹರಣೆ ಜಾನಿ ಚುಂಗ್ ಲೀ. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಪೈಪು ಮತ್ತು ವ್ಯಾಯಾಮದ ತೂಕದಿಂದ 14 ಡಾಲರಿಗೆ ಸ್ಟೆಬಿಲೈಸರ್ ಕಟ್ಟುವ ಕ್ರಮವನ್ನು ಅವರು ಉಚಿತವಾಗಿ ಪ್ರಕಟಿಸಿದರು. ಕಟ್ಟಲು ಬಿಡುವಿಲ್ಲದವರಿಗೆ ಸಿದ್ಧಪಡಿಸಿದ್ದನ್ನು ಹೆಚ್ಚಿನ ಬೆಲೆಗೆ ಮಾರಿದರು. ವಿನ್ಯಾಸ ಬಹಿರಂಗವಾಗಿದ್ದರೂ ಗಿರಾಕಿಗಳು ಬಂದರು. ಗುಟ್ಟು ಕಾಯ್ದು ಮಾರುವ ದಾರಿಯೂ, ಗುಟ್ಟು ಬಿಟ್ಟುಕೊಟ್ಟು ಮಾರುವ ದಾರಿಯೂ ಇದೆ. ಎರಡರಲ್ಲೂ ಗಿರಾಕಿ ಹಣ ಕೊಡುವುದು ಸರಿಯಾಗಿ ಕೆಲಸ ಮಾಡುವ ಜೋಡಣೆಗೆ.

ಅದಕ್ಕೇ ಹೇಳಿ ಮಾಡಿಸಿದ ರಿಗ್ಗನ್ನು ಗಿರಾಕಿಯ ಕ್ಯಾಮೆರಾದ್ದೇ ತೂಕದಲ್ಲಿ ಪರೀಕ್ಷಿಸಿ, ಪ್ಲೇಟಿನ ಸ್ಥಾನಕ್ಕೆ ಗೆರೆ ಕೊರೆದು, ಪ್ರತಿತೂಕದ ವಾಷರುಗಳ ಸಂಖ್ಯೆಯನ್ನೂ ಡ್ರಾಪ್ ಟೈಮನ್ನೂ ಒಂದು ಚೀಟಿಯಲ್ಲಿ ಬರೆದು ಕಳಿಸಬೇಕು. ಸಮತೋಲ ಮಾಡುವ ಕ್ರಮವನ್ನು ಕನ್ನಡದಲ್ಲೂ ಗಿರಾಕಿಗೆ ತಿಳಿಯುವ ಇತರ ಭಾಷೆಯಲ್ಲೂ ಕೊಡಬೇಕು: ಮೊದಲು ಹಿಂದೆ-ಮುಂದೆ, ಆಮೇಲೆ ಎಡ-ಬಲ, ಆಮೇಲೆ ಡ್ರಾಪ್ ಟೈಮ್, ಕೊನೆಗೆ ಪ್ಯಾನ್. ಅದೇ ಚೀಟಿಯ ಪ್ರತಿ ತಯಾರಕನ ಬಳಿಯೂ ಇದ್ದರೆ ಗಿರಾಕಿ ನಾಳೆ ಲೆನ್ಸ್ ಬದಲಿಸಿದಾಗ ಎಷ್ಟು ತೂಕ ಎಲ್ಲಿ ಸೇರಿಸಬೇಕೆಂದು ಫೋನಿನಲ್ಲೇ ಹೇಳಬಹುದು, ಹೊಸ ಪ್ಲೇಟು ಬೇಕಾದರೆ ರಿಗ್ ತರಿಸಿಕೊಳ್ಳದೆಯೇ ಮಾಡಿ ಕಳಿಸಬಹುದು.